ಇಪ್ಪತ್ತು ವರ್ಷ ತಡವಾಗಿ ತೊಟ್ಟ ನೀಲಿ ಅಂಗಿ

2023ರ ಆಗಸ್ಟ್‌ನಲ್ಲಿ ಸ್ಪೇನ್‌ನ ಎರಡನೇ ದರ್ಜೆಯ ಲೀಗ್‌ನಲ್ಲಿದ್ದ ರಿಯಲ್ ಒವಿಯೆಡೊ ಎಂಬ ಫುಟ್‌ಬಾಲ್ ಕ್ಲಬ್ 38 ವರ್ಷದ ಮಿಡ್‌ಫೀಲ್ಡರ್ ಒಬ್ಬನನ್ನು ಸೇರಿಸಿಕೊಂಡಿತು. ಎರಡು ಸಲ ಯುರೋ ಕಪ್ ಗೆದ್ದ ಸ್ಪೇನ್ ತಂಡದಲ್ಲಿದ್ದವನು, ಲಂಡನ್ನಿನ ಆರ್ಸೆನಲ್ ಅಭಿಮಾನಿಗಳು ಇಂದಿಗೂ ಪ್ರೀತಿಯಿಂದ ನೆನೆಯುವವನು: ಸಾಂತಿ ಕಜೋರ್ಲಾ. ಸಂಬಳವೇ ಬೇಡ ಎಂಬುದು ಅವನ ಇಚ್ಛೆಯಾಗಿತ್ತು. ಅದಕ್ಕೆ ನಿಯಮ ಅಡ್ಡ ಬಂತು. ವೃತ್ತಿಪರ ಲೀಗ್‌ನಲ್ಲಿ ಆಡುವವನಿಗೆ ಕನಿಷ್ಠ ಸಂಬಳವನ್ನಾದರೂ ಕೊಡಲೇಬೇಕು. ಸರಿ, ಆ ಕನಿಷ್ಠಕ್ಕೇ ಸಹಿ ಹಾಕಿದ. ಜೊತೆಗೆ ತನ್ನ ಹೆಸರಿನ ಅಂಗಿಗಳ ಮಾರಾಟದಿಂದ ಬರುವ ಹಣದಲ್ಲಿ ಶೇ 10ರಷ್ಟು ಕ್ಲಬ್‌ನ ಯೂತ್ ಅಕಾಡೆಮಿಗೆ ಸೇರಬೇಕು ಎಂದು ಕೇಳಿಕೊಂಡ.

ಆಟಗಾರನೊಬ್ಬ ವೃತ್ತಿಜೀವನದ ಕೊನೆಯಲ್ಲಿ ಹುಟ್ಟೂರಿಗೆ ಮರಳುವುದು ಹೊಸದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹತ್ತು ಪರ್ಸೆಂಟಿನ ಮಾತು. ಕೋಟಿಗಟ್ಟಲೆ ಗಳಿಸಿದವನು ಮಕ್ಕಳ ಅಕಾಡೆಮಿಯೊಂದನ್ನು ಹೀಗೆ ಹೆಸರಿಟ್ಟು ನೆನೆಯಬೇಕಾದರೆ ಅಲ್ಲಿ ಏನೋ ನಡೆದಿರಬೇಕು. ನಡೆದದ್ದು 2003ರಲ್ಲಿ.

ಒವಿಯೆಡೊ ಸ್ಪೇನ್‌ನ ಉತ್ತರದ ಅಸ್ತೂರಿಯಾಸ್ ಪ್ರಾಂತ್ಯದ ರಾಜಧಾನಿ. ಮಳೆಯ ಸೀಮೆ, ಕಲ್ಲಿದ್ದಲು ಗಣಿಗಳ ಸೀಮೆ, ಸೇಬಿನ ಮದ್ಯಕ್ಕೆ ಹೆಸರಾದ ಸೀಮೆ. 1926ರಲ್ಲಿ ಎರಡು ಸ್ಥಳೀಯ ತಂಡಗಳು ಒಂದಾಗಿ ರಿಯಲ್ ಒವಿಯೆಡೊ ಹುಟ್ಟಿತು. 1930ರ ದಶಕದಲ್ಲಿ ಇಸಿಡ್ರೊ ಲಾಂಗಾರಾ ಎಂಬ ಗೋಲುಗಾರ ಇಲ್ಲಿಂದಲೇ ಸತತ ಮೂರು ಋತುಗಳಲ್ಲಿ ಲೀಗ್‌ನ ಅತಿ ಹೆಚ್ಚು ಗೋಲುಗಳ ಗೌರವ ಪಡೆದ. ಕಜೋರ್ಲಾ ಹುಟ್ಟಿದ್ದು 1984ರ ಡಿಸೆಂಬರ್ 13ರಂದು, ಪಕ್ಕದ ಯಾನೇರಾದಲ್ಲಿ. ಆಡಲು ಕಲಿತದ್ದು ಒವಿಯೆಡೊ ಅಕಾಡೆಮಿಯಲ್ಲಿ. ಎತ್ತರ ಐದೂವರೆ ಅಡಿ. ಬಲಗಾಲಲ್ಲಿ ಎಷ್ಟು ಚೆನ್ನಾಗಿ ಒದೆಯುತ್ತಿದ್ದನೋ ಎಡಗಾಲಲ್ಲೂ ಅಷ್ಟೇ ಚೆನ್ನಾಗಿ ಒದೆಯುತ್ತಿದ್ದ. ಮುಂದೆ ದೊಡ್ಡ ಕ್ಲಬ್‌ಗಳಲ್ಲಿ ಆಡುವಾಗಲೂ ಒಂದು ಕಾರ್ನರ್ ಕಿಕ್ ಎಡಗಾಲಲ್ಲಿ, ಇನ್ನೊಂದು ಬಲಗಾಲಲ್ಲಿ ತೆಗೆಯುತ್ತಿದ್ದ.

ಅವನು ಬೆಳೆಯುತ್ತಿದ್ದ ಹಾಗೆ ಕ್ಲಬ್ ಸಾಲದಲ್ಲಿ ಮುಳುಗುತ್ತಿತ್ತು. 2000ದಲ್ಲಿ ಮೂವತ್ತು ಸಾವಿರ ಜನ ಕೂರುವ ಹೊಸ ಕಾರ್ಲೋಸ್ ತಾರ್ತಿಯೆರೆ ಕ್ರೀಡಾಂಗಣ ತೆರೆಯಿತು. ಮರುವರ್ಷವೇ ತಂಡ ಮೊದಲ ದರ್ಜೆಯ ಲೀಗ್ ಆದ ಲಾ ಲೀಗಾದಿಂದ ಕೆಳಗಿಳಿಯಿತು. 2003ರಲ್ಲಿ ಎರಡನೇ ದರ್ಜೆಯಲ್ಲೂ ಉಳಿಯಲಾಗಲಿಲ್ಲ. ಆಟಗಾರರ ಸಂಬಳ ತಿಂಗಳುಗಟ್ಟಲೆ ಬಾಕಿ ಇತ್ತು. ಬಾಕಿ ತೀರಿಸಲಾಗದ ತಪ್ಪಿಗೆ ತಂಡವನ್ನು ಇನ್ನೊಂದು ಮೆಟ್ಟಿಲು ಕೆಳಗೆ ತಳ್ಳಲಾಯಿತು. ಒಂದೇ ಬೇಸಿಗೆಯಲ್ಲಿ ಎರಡನೇ ದರ್ಜೆಯಿಂದ ನಾಲ್ಕನೆಯದಕ್ಕೆ.

ಆಮೇಲಿನದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಊರಿನ ಕ್ಲಬ್ ನೆಲಕಚ್ಚಿದಾಗ ಕೈಹಿಡಿದು ಎತ್ತಬೇಕಾದವರು ಯಾರು? ಆಗಿನ ಮೇಯರ್ ಗಾಬಿನೊ ದೆ ಲೊರೆಂಜೊ ಎತ್ತುವ ಬದಲು ಬೇರೆ ದಾರಿ ಹಿಡಿದರು. ಊರಿನಲ್ಲೇ ಅಸ್ತೂರ್ ಎಂಬ ಪುಟ್ಟ ಕ್ಲಬ್ ಇತ್ತು. ಅದರ ಹೆಸರಿಗೆ ಒವಿಯೆಡೊ ಸೇರಿಸಿ, ಇನ್ನು ಮುಂದೆ ಊರನ್ನು ಪ್ರತಿನಿಧಿಸುವ ತಂಡ ಇದೇ ಎಂಬಂತೆ ಬೆಳೆಸುವ ಯೋಜನೆಗೆ ನಗರಸಭೆ ಬೆಂಬಲ ಕೊಟ್ಟಿತು. ಸಾಲ ಹಳೆಯ ಕ್ಲಬ್‌ನ ಜೊತೆ ಸಾಯಲಿ, ಜನ ಹೊಸದರ ಜೊತೆ ಬರಲಿ ಎಂಬ ಲೆಕ್ಕ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿಯೇ ಕಂಡಿರಬೇಕು. ಎಪ್ಪತ್ತೇಳು ವರ್ಷದ ಕ್ಲಬ್ಬನ್ನು ಬಾಗಿಲು ಮುಚ್ಚಿದ ಅಂಗಡಿಯಂತೆ ಕಂಡವರಿಗೆ ಮಾತ್ರ ಹೊಳೆಯುವ ಲೆಕ್ಕ ಅದು.

ಜನ ಬರಲಿಲ್ಲ. ಬೀದಿಗಿಳಿದರು, ಪ್ರತಿಭಟಿಸಿದರು, ಕ್ಲಬ್‌ಗಾಗಿ ಚಂದಾ ಎತ್ತಿದರು. ಆಟಗಾರರಲ್ಲಿ ಹೆಚ್ಚಿನವರು ಬಿಟ್ಟು ಹೋಗಿದ್ದರು. ಸಿಕ್ಕ ಹುಡುಗರನ್ನು ಸೇರಿಸಿ ತಂಡ ಕಟ್ಟಿದ್ದಾಯಿತು. ಹಳ್ಳಿಯ ತಂಡಗಳೊಡನೆ ಆಡುವ ನಾಲ್ಕನೇ ದರ್ಜೆಯ ಪಂದ್ಯಗಳಿಗೂ ಸಾವಿರಾರು ಜನ ಸೀಸನ್ ಟಿಕೆಟ್ ಕೊಂಡರು. ಬೇರೆ ಊರುಗಳ ಚಿಕ್ಕ ಮೈದಾನಗಳಿಗೂ ಬೆನ್ನುಹತ್ತಿ ಹೋದರು. ನಗರಸಭೆ ನೆಚ್ಚಿಕೊಂಡ ತಂಡ ಖಾಲಿ ಆಸನಗಳ ಎದುರು ಆಡಿತು. ಕೆಲವೇ ವರ್ಷಗಳಲ್ಲಿ ಅದು ತನ್ನ ಹಳೆಯ ಹೆಸರಿಗೇ ಮರಳಿತು. ಕಜೋರ್ಲಾನ ಬಗ್ಗೆ ಬರೆಯುವವರು ಈ ಜಗಳವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಅವನ ವೃತ್ತಿಜೀವನದ ಅತಿ ಮುಖ್ಯ ಅಧ್ಯಾಯ ಅವನಿಲ್ಲದಾಗಲೇ ನಡೆಯಿತು.

ಏಕೆಂದರೆ ಅವನು ಅಷ್ಟರಲ್ಲಿ ಊರು ಬಿಟ್ಟಿದ್ದ. ಹದಿನೆಂಟರ ಹುಡುಗ, ಮೊದಲ ತಂಡಕ್ಕೆ ಒಂದೇ ಒಂದು ಪಂದ್ಯವನ್ನೂ ಆಡದೆ, ಪೂರ್ವ ಕರಾವಳಿಯ ವಿಯ್ಯಾರಿಯಲ್ ಕ್ಲಬ್‌ಗೆ ಹೋದ. ಅದೇ ವರ್ಷ ಹದಿನೈದರ ಹುವಾನ್ ಮಾತಾ ರಿಯಲ್ ಮ್ಯಾಡ್ರಿಡ್‌ನ ಅಕಾಡೆಮಿಗೆ ಹೋದ. ಮುಂದೆ ವಿಶ್ವಕಪ್ ಗೆದ್ದ ಅದೇ ಮಾತಾ. ಇಂಥ ಇಬ್ಬರನ್ನು ಬೆಳೆಸಿದ ಅಕಾಡೆಮಿಗೆ ಅವರನ್ನು ತನ್ನ ಅಂಗಿಯಲ್ಲಿ ಆಡಿಸುವ ಭಾಗ್ಯ ಇರಲಿಲ್ಲ.

ಮುಂದಿನ ವರ್ಷಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಹೇಳಿಬಿಡುತ್ತೇನೆ. 2006–07ರಲ್ಲಿ ರೆಕ್ರಿಯಾತಿವೊ ಹುಯೆಲ್ವಾ ಎಂಬ ಚಿಕ್ಕ ಕ್ಲಬ್‌ಗೆ ಹೋಗಿ ಹೆಸರು ಮಾಡಿದ. ಆ ತಂಡ ರಿಯಲ್ ಮ್ಯಾಡ್ರಿಡ್ಡನ್ನು ಅವರದೇ ಅಂಗಳದಲ್ಲಿ 3–0ಯಿಂದ ಸೋಲಿಸಿದ್ದು ಆ ಋತುವಿನಲ್ಲೇ. ವಿಯ್ಯಾರಿಯಲ್ ಮರಳಿ ಕರೆಸಿಕೊಂಡಿತು, ಮುಂದಿನ ವರ್ಷ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. 2008ರ ಯುರೋ ಕ್ವಾರ್ಟರ್ ಫೈನಲ್‌ನಲ್ಲಿ ಇಟಲಿಯ ವಿರುದ್ಧ ಪೆನಾಲ್ಟಿ ಶೂಟೌಟ್‌ಗೆ ಹೋದಾಗ, ಸ್ಪೇನ್‌ನ ಎರಡನೇ ಪೆನಾಲ್ಟಿಗೆ ಹೆಜ್ಜೆ ಹಾಕಿದವನು ರಾಷ್ಟ್ರೀಯ ತಂಡಕ್ಕೆ ತೀರಾ ಹೊಸಬನಾದ ಈ 23ರ ಹುಡುಗ. ಎದುರಿಗಿದ್ದದ್ದು ಇಟಲಿಯ ಗೋಲ್‌ಕೀಪರ್ ಬುಫಾನ್. ಚೆಂಡು ಒಳಗೆ ಹೋಯಿತು. ಮೇಲಿಂದ ಮೇಲೆ ದೊಡ್ಡ ಪಂದ್ಯಾವಳಿಗಳಲ್ಲಿ ಎಡವುತ್ತಿದ್ದ ಸ್ಪೇನ್ ಆ ರಾತ್ರಿಯಿಂದ ಬೇರೆಯೇ ತಂಡವಾಯಿತು. 2010ರ ವಿಶ್ವಕಪ್ ಮಾತ್ರ ಗಾಯದಿಂದಾಗಿ ಅವನ ಕೈತಪ್ಪಿತು.

2011ರಲ್ಲಿ ಕತಾರಿನ ಶೇಖ್ ಒಬ್ಬರ ಹಣದಿಂದ ಮಿನುಗುತ್ತಿದ್ದ ಮಲಾಗಾ ಕ್ಲಬ್ ಅವನನ್ನು ಕೊಂಡಿತು. ಅವನೊಂದಿಗೆ ತಂಡ ಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್ ಅರ್ಹತೆ ಪಡೆಯಿತು. ಅಷ್ಟರಲ್ಲಿ ಮಾಲೀಕರ ಹಣದ ಹರಿವು ನಿಂತಿತು, ಸಂಬಳ ಮತ್ತೆ ಬಾಕಿ. 2012ರ ಆಗಸ್ಟ್‌ನಲ್ಲಿ ಅವನನ್ನು ಆರ್ಸೆನಲ್‌ಗೆ ಮಾರಿದರು. ಸಾಲದಲ್ಲಿರುವ ಕ್ಲಬ್ ಏನಾಗುತ್ತದೆ ಎಂಬುದನ್ನು ಅವನು ಹತ್ತಿರದಿಂದ ನೋಡಿದ್ದು ಇದು ಎರಡನೇ ಸಲ.

ಮೂರೇ ತಿಂಗಳಲ್ಲಿ ಒವಿಯೆಡೊದಿಂದ ಕೂಗು ಬಂತು. 2012ರ ನವೆಂಬರ್ 17ರೊಳಗೆ ಸುಮಾರು 19 ಲಕ್ಷ ಯೂರೊ ಕೂಡಿಸದಿದ್ದರೆ ಕ್ಲಬ್ ಮುಚ್ಚುತ್ತದೆ. ಒಂದು ಷೇರಿಗೆ 10.75 ಯೂರೊ ಎಂದು ಮಾರಾಟಕ್ಕಿಟ್ಟರು. ಆಗ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ ಒವಿಯೆಡೊದಲ್ಲಿ ಬೆಳೆದ ಮೂವರಿದ್ದರು: ಆರ್ಸೆನಲ್‌ನಲ್ಲಿ ಕಜೋರ್ಲಾ, ಚೆಲ್ಸಿಯಲ್ಲಿ ಮಾತಾ, ಸ್ವಾನ್ಸಿಯಲ್ಲಿ ಮಿಚು. ಮೂವರೂ ಷೇರು ಕೊಂಡರು, ಕೊಳ್ಳಿ ಎಂದು ಜಗತ್ತನ್ನೇ ಕೇಳಿಕೊಂಡರು. ಒವಿಯೆಡೊ ಎಲ್ಲಿದೆ ಎಂದೂ ಗೊತ್ತಿರದ ಜನ ಎಂಬತ್ತಕ್ಕೂ ಹೆಚ್ಚು ದೇಶಗಳಿಂದ ಹಣ ಕಳಿಸಿದರು. ಷೇರುದಾರರ ಪಟ್ಟಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಹೊಸ ಹೆಸರುಗಳು ಸೇರಿದವು. ಕೊನೆಯಲ್ಲಿ ಮೆಕ್ಸಿಕೊದ ಉದ್ಯಮಿ ಕಾರ್ಲೋಸ್ ಸ್ಲಿಮ್ ಅವರ ಕಂಪನಿ 20 ಲಕ್ಷ ಯೂರೊ ಹಾಕಿತು. ಪತ್ರಿಕೆಗಳಲ್ಲಿ ಸ್ಲಿಮ್ ಹೆಸರೇ ದೊಡ್ಡದಾಗಿ ಬಂತು. ನಿಜ, ಆ ಹಣವಿಲ್ಲದೆ ಕಷ್ಟವಿತ್ತು. ಆದರೆ ಹತ್ತು ಯೂರೊ ಕೊಟ್ಟವರು ಮೊದಲು ಸಾಲಾಗಿ ನಿಲ್ಲದಿದ್ದರೆ ಆ ಸಿರಿವಂತರು ಕೊಳ್ಳಲು ಅಲ್ಲಿ ಕ್ಲಬ್ಬೇ ಇರುತ್ತಿರಲಿಲ್ಲ.

ಆರ್ಸೆನಲ್‌ನಲ್ಲಿ ಅವನ ಅತ್ಯುತ್ತಮ ವರ್ಷಗಳು ಕಳೆದವು. 2014ರ ಮೇ 17ರಂದು ವೆಂಬ್ಲಿಯಲ್ಲಿ ಎಫ್‌ಎ ಕಪ್ ಫೈನಲ್. ಎದುರಾಳಿ ಹಲ್ ಸಿಟಿ ಹತ್ತು ನಿಮಿಷ ತುಂಬುವುದರೊಳಗೆ ಎರಡು ಗೋಲು ಹೊಡೆದಿತ್ತು. ಆರ್ಸೆನಲ್ ಒಂಬತ್ತು ವರ್ಷಗಳಿಂದ ಒಂದು ಕಪ್ಪನ್ನೂ ಕಂಡಿರಲಿಲ್ಲ. ಆಗ ದೂರದಿಂದ ಕಜೋರ್ಲಾ ಹೊಡೆದ ಫ್ರೀ ಕಿಕ್ ಬಲೆ ಸೇರಿತು. ತಂಡ ಹೆಚ್ಚುವರಿ ಸಮಯದಲ್ಲಿ 3–2ರಿಂದ ಗೆದ್ದಿತು. ಮುಂದೆ ಕೋಚ್ ಆರ್ಸೆನ್ ವೆಂಗರ್ ಅವನನ್ನು ಮೈದಾನದ ನಡುವಿಗೆ, ರಕ್ಷಣಾ ಸಾಲಿನ ಮುಂದಕ್ಕೆ ತಂದರು. ದೈತ್ಯರ ನಡುವೆ ಸಿಕ್ಕಿಕೊಂಡು ಎರಡೂ ಕಾಲಲ್ಲಿ ದಾರಿ ಬಿಡಿಸಿಕೊಂಡು ಹೊರಬರುವುದು ಅವನ ವಿದ್ಯೆ.

2016ರ ಅಕ್ಟೋಬರ್ 19ರಂದು ಬಲ್ಗೇರಿಯಾದ ಲುಡೊಗೊರೆಟ್ಸ್ ವಿರುದ್ಧ ಆರ್ಸೆನಲ್ 6–0ಯಿಂದ ಗೆದ್ದಿತು. ಅವನು ಕುಂಟುತ್ತ ಹೊರಬಂದ. ಆ ಕ್ಲಬ್‌ಗೆ ಅವನ ಕೊನೆಯ ಪಂದ್ಯ ಅದು. ಬಲಗಾಲಿನ ಹಿಮ್ಮಡಿಯ ನೋವಿಗೆ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ ನಡೆಯಿತು. ಗಾಯ ಮಾಯಲೇ ಇಲ್ಲ. ಒಳಗೆ ಸೋಂಕು ಸೇರಿ ಗ್ಯಾಂಗ್ರಿನ್ ಆಯಿತು. ಸ್ಪೇನ್‌ನ ವಿತೋರಿಯಾದಲ್ಲಿ ವೈದ್ಯ ಮಿಕೆಲ್ ಸಾಂಚೆಸ್ ಕಾಲು ತೆರೆದು ನೋಡಿದಾಗ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಎಂಟು ಸೆಂಟಿಮೀಟರಿನಷ್ಟು ಕೊಳೆತುಹೋಗಿತ್ತು. ಮಗನ ಜೊತೆ ತೋಟದಲ್ಲಿ ನಡೆದಾಡುವಷ್ಟಾದರೆ ಅದೇ ದೊಡ್ಡದು ಎಂದು ಇಂಗ್ಲೆಂಡ್‌ನ ವೈದ್ಯರು ಅವನಿಗೆ ಹೇಳಿದ್ದರು. ಮುಚ್ಚದ ಗಾಯಕ್ಕೆ ಎಡ ಮುಂಗೈಯ ಚರ್ಮ ತೆಗೆದು ಕಸಿ ಮಾಡಿದರು. ಆ ಚರ್ಮದ ಮೇಲೆ ಮಗಳ ಹೆಸರಿನ ಹಚ್ಚೆ ಇತ್ತು. ಈಗ ಆ ಹೆಸರಿನ ಅರ್ಧ ಕೈಮೇಲೆ, ಅರ್ಧ ಪಾದದ ಗೆಣ್ಣಿನ ಮೇಲೆ.

ಆರ್ಸೆನಲ್‌ನ ಒಪ್ಪಂದ ಮುಗಿಯಿತು. ವಿಯ್ಯಾರಿಯಲ್ 2018ರಲ್ಲಿ ಮತ್ತೆ ಬಾಗಿಲು ತೆರೆಯಿತು, ಜಾದೂಗಾರನೊಬ್ಬನನ್ನು ಕರೆಸಿ, ಹೊಗೆ ತುಂಬಿದ ಗಾಜಿನ ಕೊಳವೆಯೊಳಗಿಂದ ಅವನನ್ನು ಜನರೆದುರು ಪ್ರತ್ಯಕ್ಷಗೊಳಿಸಿತು. ನಡೆದರೆ ಸಾಕು ಎನ್ನಿಸಿಕೊಂಡವನು 2019ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಎರಡು ಗೋಲು ಹೊಡೆದ. ಅದೇ ಜೂನ್‌ನಲ್ಲಿ ಸ್ಪೇನ್ ತಂಡಕ್ಕೂ ಮರಳಿದ. ಒಟ್ಟು 81 ಅಂತರರಾಷ್ಟ್ರೀಯ ಪಂದ್ಯಗಳಾದವು. ಆಮೇಲೆ ಮೂರು ವರ್ಷ ಕತಾರಿನ ಅಲ್ ಸದ್ ಕ್ಲಬ್. ಅಲ್ಲಿ ಮೊದಲಿಗೆ ಕೋಚ್ ಆಗಿದ್ದವನು ಹಳೆಯ ಸ್ಪೇನ್ ಗೆಳೆಯ ಚಾವಿ.

ಈ ನಡುವೆ ಒವಿಯೆಡೊ ಮೂರನೇ ದರ್ಜೆಗೆ ಏರಿ, ಜಾರಿ, ಮತ್ತೆ ಏರಿ, 2015ರಲ್ಲಿ ಎರಡನೇ ದರ್ಜೆಗೆ ಬಂದು ನಿಂತಿತ್ತು. ಕಜೋರ್ಲಾ ಮರಳಿದ ಮೊದಲ ಋತುವಿನಲ್ಲೇ ಬಡ್ತಿಯ ಪ್ಲೇ ಆಫ್ ಫೈನಲ್ ತಲುಪಿ ಎಸ್ಪಾನ್ಯೋಲ್‌ಗೆ ಸೋತಿತು. ಮರುವರ್ಷ ಮತ್ತೆ ಪ್ಲೇ ಆಫ್. ಅಲ್ಮೇರಿಯಾ ವಿರುದ್ಧದ ಸೆಮಿಫೈನಲ್‌ನಲ್ಲಿ ನಲವತ್ತು ವರ್ಷದ ಕಜೋರ್ಲಾ ಫ್ರೀ ಕಿಕ್‌ನಿಂದ ಗೋಲು ಗಳಿಸಿದ. ಫೈನಲ್‌ನ ಮೊದಲ ಪಂದ್ಯವನ್ನು ಮಿರಾಂಡೆಸ್ 1–0ಯಿಂದ ಗೆದ್ದಿತು. 2025ರ ಜೂನ್ 21ರಂದು ತಾರ್ತಿಯೆರೆಯಲ್ಲಿ ಎರಡನೆಯದು. ಅಲ್ಲೂ ಮಿರಾಂಡೆಸ್ ಮೊದಲು ಗೋಲು ಹೊಡೆಯಿತು. ತುಂಬಿದ ಕ್ರೀಡಾಂಗಣ ಕಂಗೆಟ್ಟಿತು. ಒವಿಯೆಡೊಗೆ ಪೆನಾಲ್ಟಿ ಸಿಕ್ಕಾಗ ಚೆಂಡು ಎತ್ತಿಕೊಂಡವನು ಕಜೋರ್ಲಾ. ಗೋಲು. ಇಲಿಯಾಸ್ ಚೈರಾ ಇನ್ನೊಂದು ಹೊಡೆದ, ಹೆಚ್ಚುವರಿ ಸಮಯದಲ್ಲಿ ಪೋರ್ತಿಯೊ ಮೂರನೆಯದನ್ನು. ಇಪ್ಪತ್ತನಾಲ್ಕು ವರ್ಷಗಳ ನಂತರ ರಿಯಲ್ ಒವಿಯೆಡೊ ಲಾ ಲೀಗಾಕ್ಕೆ ಮರಳಿತು.

ಆ ಗೋಲುಗಳ ದೃಶ್ಯಗಳನ್ನು ನೋಡುವವರು ಕಜೋರ್ಲಾನನ್ನು ಮಾತ್ರ ನೋಡಬೇಡಿ, ಹಿಂದಿನ ಗ್ಯಾಲರಿಯನ್ನೂ ನೋಡಿ. 2003ರಲ್ಲಿ ನಾಲ್ಕನೇ ದರ್ಜೆಯ ಪಂದ್ಯಕ್ಕೆ ಟಿಕೆಟ್ ಕೊಂಡವರು, 2012ರಲ್ಲಿ ಷೇರು ಕೊಂಡವರು ಅಲ್ಲಿದ್ದಾರೆ. ಅವನಿಗೆ ಮರಳಿ ಬರಲು ಒಂದು ಕ್ಲಬ್ ಉಳಿಸಿಕೊಟ್ಟವರು ಅವರು. ಬಡ್ತಿಯ ನಂತರ ಕಜೋರ್ಲಾ ಇನ್ನೊಂದು ವರ್ಷಕ್ಕೆ ಸಹಿ ಹಾಕಿದ. ಹೊಸ ಋತುವಿನ ಲಾ ಲೀಗಾ ವೇಳಾಪಟ್ಟಿಯಲ್ಲಿ ಒವಿಯೆಡೊದ ಮೊದಲ ಪಂದ್ಯ ಬಿದ್ದದ್ದು 2025ರ ಆಗಸ್ಟ್ 15ಕ್ಕೆ, ವಿಯ್ಯಾರಿಯಲ್ ತಂಡದ ಅಂಗಳದಲ್ಲಿ.