ಹೂತ ಜಾಗದಲ್ಲಿ ನಂಟಿನ ಹುಡುಕಾಟ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ದೇವಾಂಗ, ಒಕ್ಕಲಿಗ, ಲಿಂಗಾಯತ ಮನೆತನಗಳು ತಲೆಮಾರುಗಳಿಂದ ಬಾಳುತ್ತಿವೆ. 1799ರಲ್ಲಿ ಟಿಪ್ಪು ಮಡಿಯುವವರೆಗೆ ಈ ಸೀಮೆ ಮೈಸೂರಿನದಾಗಿತ್ತು. ತಮ್ಮ ಹಿರಿಯರು ಯಾರೆಂದು ಇಲ್ಲಿನ ಮಕ್ಕಳು ಇವತ್ತು ಕೇಳಿದರೆ ತೋರಿಸಲು ಕಾಗದ ಕಡಿಮೆ. ಉತ್ತರ ಕರ್ನಾಟಕದಲ್ಲಿ ಹೆಳವರು ಮನೆಬಾಗಿಲಿಗೆ ಬಂದು ವಂಶಾವಳಿ ಓದುತ್ತಾರೆ. ಆ ಓದು ಕೇಳದ ಮನೆಗಳಿಗೆ ಸ್ಮಶಾನವೇ ದಫ್ತರ.

ಬ್ರಿಟಿಷರ ಸಮಾಧಿಗಳಿಗೆ ಈ ಕಷ್ಟವಿಲ್ಲ. ಜೂಲಿಯನ್ ಜೇಮ್ಸ್ ಕಾಟನ್ ಎಂಬ ಐಸಿಎಸ್ ಅಧಿಕಾರಿ ಮದರಾಸು ಪ್ರಾಂತ್ಯದ ಸಮಾಧಿ ಬರಹಗಳನ್ನು 1905ರಲ್ಲೇ ಪುಸ್ತಕ ಮಾಡಿದ. ಆದರೂ ಕಲ್ಲು ಎಲ್ಲವನ್ನೂ ಹೇಳುವುದಿಲ್ಲ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್‌ನ ಹೆಂಡತಿ, ಮಗಳು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಆವರಣದಲ್ಲಿ ಮಲಗಿದ್ದಾರೆ. 1855ರಲ್ಲಿ ತೀರಿಕೊಂಡ ಅವನ ಸಮಾಧಿ ಇರುವುದು ಇಂಗ್ಲೆಂಡಿನಲ್ಲಿ. ಊಟಿಯ ಕಲ್ಲನ್ನಷ್ಟೇ ನೋಡಿದವರಿಗೆ ಆ ಸಂಸಾರ ಅರ್ಧವೇ ಕಾಣುತ್ತದೆ.

ನಮ್ಮವರಲ್ಲಿ ಕಲ್ಲೇ ಅಪರೂಪ. ಲಿಂಗಾಯತರು ಹೆಣವನ್ನು ಕುಳ್ಳಿರಿಸಿ ಹೂಳುತ್ತಾರೆ, ಎಷ್ಟೋ ಸಲ ಸ್ವಂತ ಹೊಲದಲ್ಲೇ. ಆ ಹೊಲ ಮಾರಿಹೋದರೂ ಹಳೆಯ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಗೋರಿಯ ಗುರುತಿದೆಯೇ ಎಂದು ಒಮ್ಮೆ ನೋಡಬೇಕು. ಕಲ್ಲಿದ್ದಲ್ಲಿ ಹೆಸರಿನ ಮುಂದಿನ ಇನಿಷಿಯಲ್ಲನ್ನು ಬಿಡಬಾರದು. ತಮಿಳುನಾಡಿನಲ್ಲಿ ಅದು ಸಾಮಾನ್ಯವಾಗಿ ಅಪ್ಪನ ಹೆಸರಿನ ಮೊದಲಕ್ಷರ. ಅಕ್ಕಪಕ್ಕದ ಎರಡು ಗೋರಿಗಳಲ್ಲಿ ಒಂದೇ ಅಕ್ಷರ ಕಂಡರೆ ಅಣ್ಣತಮ್ಮಂದಿರೇ ಎಂದು ವಿಚಾರಿಸಲು ಅಷ್ಟು ಸಾಕು.

ವಿಚಾರಿಸಲು ಮಾತ್ರ ಸಾಕು, ನಂಬಲು ಸಾಲದು. ಜಾಗ ಸಾಲದ ಸ್ಮಶಾನದಲ್ಲಿ ಹಳೆಯ ಗುಂಡಿಯನ್ನೇ ಮತ್ತೆ ತೋಡುತ್ತಾರೆ. ಸಾಂಕ್ರಾಮಿಕದ ದಿನಗಳಲ್ಲಿ ಯಾರ ಪಕ್ಕಕ್ಕೆ ಯಾರನ್ನು ಇಟ್ಟರೆಂದು ನೋಡುವ ವ್ಯವಧಾನ ಯಾರಿಗಿತ್ತು? ಕೊಯಮತ್ತೂರಿನ ಪ್ಲೇಗ್ ಮಾರಿಯಮ್ಮನ ಗುಡಿಗಳು ಆ ಕಾಲದ ಭಯವನ್ನು ಇಂದಿಗೂ ಹೊತ್ತಿವೆ. ಒಟ್ಟಿಗೆ ಹೂತವರೆಲ್ಲ ಒಂದೇ ಮನೆಯವರಾಗಬೇಕಿಲ್ಲ. ಸೂತಕ ಆಚರಿಸುವ ಮನೆತನಗಳಲ್ಲಿ ಅದನ್ನು ತೀರ್ಮಾನಿಸುವುದು ಸೂತಕ: ಆ ಸಾವಿಗೆ ಯಾರ್‍ಯಾರ ಮನೆಯಲ್ಲಿ ಸೂತಕ ಹಿಡಿದರು ಎಂದು ಕೇಳಿದರೆ ದಾಯಾದಿಗಳು ಯಾರೆಂಬುದು ತಿಳಿಯುತ್ತದೆ. ಆಮೇಲೆ ಪಂಚಾಯಿತಿಯ ಇಲ್ಲವೇ ನಗರಸಭೆಯ ಮರಣ ನೋಂದಣಿಯೊಡನೆ ತಾಳೆ ನೋಡಬಹುದು.

ನನ್ನನ್ನು ಹೆಚ್ಚು ಕಾಡುವುದು ಹೆಣ್ಣುಮಕ್ಕಳ ವಿಷಯ. ಮದುವೆಯಾದವಳು ಗಂಡನ ಕಡೆಯವರ ನೆಲದಲ್ಲೇ ಮಣ್ಣಾಗುತ್ತಾಳೆ. ಇನಿಷಿಯಲ್ ಕೂಡ ಗಂಡನದಾಗಿರುತ್ತದೆ. ತವರಿನ ಕುಲ, ಊರು, ಅಪ್ಪನ ಹೆಸರು ಯಾವ ಗೋರಿಯ ಮೇಲೂ ಉಳಿಯುವುದಿಲ್ಲ. ಹೀಗೆ ವಂಶವೃಕ್ಷದ ಅರ್ಧ ಅಳಿಸಿಹೋಗುತ್ತಿದೆ. ಅದು ಇನ್ನೂ ಉಳಿದಿರುವುದು ಅಜ್ಜಿಯಂದಿರ, ಸೋದರತ್ತೆಯರ ನೆನಪಿನಲ್ಲಿ. ಅವರನ್ನು ಸ್ಮಶಾನದವರೆಗೆ ಕರೆದೊಯ್ಯಲಾಗದಿದ್ದರೆ ಅಲ್ಲಿನ ಚಿತ್ರ ಬರೆದು ಮುಂದಿಡಿ. ಒಂದೊಂದು ಗೋರಿಗೂ ಬೆರಳಿಟ್ಟು ಕೇಳಿ: ಈಕೆಯ ತವರು ಯಾವುದು, ಆ ಮನೆಯಿಂದ ಯಾರನ್ನು ಇಲ್ಲಿಗೆ ತಂದುಕೊಂಡಿರಿ, ಇಲ್ಲಿಂದ ಯಾರನ್ನು ಅಲ್ಲಿಗೆ ಕೊಟ್ಟಿರಿ?