ಇಬ್ಬರು ಮಕ್ಕಳಿಗೆ ಒಂದೇ ಗಾಡಿ: ಕೊಳ್ಳುವ ಮುನ್ನ ಕೋಲು ಹಿಡಿಯಿರಿ!

ಬೆಳಿಗ್ಗೆ ಹನ್ನೊಂದು ಗಂಟೆ. ಮನೆಯವರು ಕೆಲಸಕ್ಕೆ ಹೋಗಿಯಾಯಿತು. ಕೊತ್ತಂಬರಿ ಸೊಪ್ಪಿಲ್ಲ, ಹಸಿಮೆಣಸಿನಕಾಯಿ ಮುಗಿದಿದೆ. ಅಂಗಡಿ ಇರುವುದು ಬೀದಿಯ ಕೊನೆಯಲ್ಲಿ, ಹೆಚ್ಚೆಂದರೆ ಐದು ನಿಮಿಷದ ದಾರಿ. ಆದರೆ ಕಂಕುಳಲ್ಲಿ ನಾಲ್ಕು ತಿಂಗಳ ಪಾಪು, ಕಾಲಿಗೆ ಜೋತುಬಿದ್ದಿರುವ ಎರಡು ವರ್ಷದ ದೊಡ್ಡದು. ಇಬ್ಬರನ್ನೂ ಎತ್ತಿಕೊಳ್ಳೋಕೆ ಆಗಲ್ಲ, ಒಬ್ಬರನ್ನು ಬಿಟ್ಟು ಹೋಗೋಕೆ ಮನೆಯಲ್ಲಿ ಮತ್ಯಾರೂ ಇಲ್ಲ. ಸರಿ, ಇವತ್ತೂ ಒಗ್ಗರಣೆಗೆ ಒಣಮೆಣಸಿನಕಾಯಿಯೇ ಗತಿ!

ನಿಮ್ಮ ಮನೆಯ ಕಥೆಯೂ ಇದೇನಾ? ಹಾಗಾದರೆ ನಿಮಗೂ ಒಂದಲ್ಲ ಒಂದು ದಿನ ಮೊಬೈಲಿನಲ್ಲಿ ಜೋಡಿ ಸ್ಟ್ರಾಲರ್‌ನ ಚಿತ್ರ ಕಣ್ಣಿಗೆ ಬಿದ್ದಿರುತ್ತದೆ. ಎರಡು ಸೀಟು, ನಗುನಗುತ್ತಾ ಕುಳಿತ ಎರಡು ಮಕ್ಕಳು, ಹಿಂದೆ ಆರಾಮಾಗಿ ತಳ್ಳುತ್ತಿರುವ ಅಮ್ಮ. ನಮ್ಮ ಹಿರಿಯೂರಿನಲ್ಲಿ ತಳ್ಳುಗಾಡಿ ಅಂದರೆ ಸೊಪ್ಪಿನದು, ಬಾಳೆಹಣ್ಣಿನದು. ಮಕ್ಕಳ ಗಾಡಿ, ಅದೂ ಇಬ್ಬರು ಕೂರುವಂಥದ್ದು, ಬೀದಿಯಲ್ಲಿ ಹೊರಟರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಮನೆಯಲ್ಲಿ ಅತ್ತೆಯವರು, "ನಾವೇನು ಗಾಡಿ ಇಟ್ಕೊಂಡು ಮಕ್ಕಳನ್ನ ಸಾಕಿದ್ವಾ? ಸೊಂಟದ ಮೇಲೊಂದು, ಕೈ ಹಿಡ್ಕೊಂಡು ಒಂದು" ಅನ್ನುವುದೂ ಇದ್ದದ್ದೇ. ಅವರು ಹೇಳುವುದು ಸುಳ್ಳಲ್ಲ. ಆದರೆ ಆಗ ಮನೆ ತುಂಬಾ ಜನರಿದ್ದರು. ಒಂದು ಮಗುವನ್ನು ಜಗಲಿಯ ಮೇಲೆ ಕೂತ ಅಜ್ಜಿಯ ಮಡಿಲಿಗೆ ಹಾಕಿ ಹೋಗಬಹುದಿತ್ತು. ಇವತ್ತು ಬಾಡಿಗೆ ಮನೆಯಲ್ಲಿ ನೀವು, ಇಬ್ಬರು ಮಕ್ಕಳು, ಹಾಕಿದ ಗೇಟು. ಇಷ್ಟೇ.

ಹಾಗಾಗಿ ಗಾಡಿ ಬೇಕು ಅನ್ನಿಸಿದರೆ ಅದು ಶೋಕಿಯಲ್ಲ. ಅಮ್ಮನೊಬ್ಬಳು ಯಾರ ದಾರಿಯನ್ನೂ ಕಾಯದೆ ಹೊರಗೆ ಹೋಗಿಬರುವ ದಾರಿ ಅದು. ಪ್ರಶ್ನೆ ಇಷ್ಟೇ: ಯಾವ ಗಾಡಿ?

ಮೊದಲು ದಾರಿ, ಆಮೇಲೆ ಗಾಡಿ

ನನಗೆ ಗೊತ್ತಿರುವ ಗೃಹಿಣಿಯೊಬ್ಬರು ರಿಯಾಯಿತಿ ಇದೆಯೆಂದು ಅವಸರದಲ್ಲಿ ಅಕ್ಕಪಕ್ಕ ಸೀಟಿನ ಗಾಡಿ ತರಿಸಿದರು. ಜೋಡಿಸಿ, ಮಕ್ಕಳನ್ನು ಕೂರಿಸಿ, ಸಡಗರದಿಂದ ಹೊರಟರೆ ಗೇಟಿನಲ್ಲಿ ಸಿಕ್ಕಿಕೊಂಡಿತು! ಗೇಟು 28 ಇಂಚು, ಗಾಡಿ 30 ಇಂಚು. ವಾಪಸ್ ಕಳಿಸೋಣವೆಂದರೆ ಗಡುವು ಮುಗಿದಿತ್ತು. ಆ ಗಾಡಿ ಆರು ತಿಂಗಳು ನಡುಮನೆಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗಿತ್ತು. ಅವರು ಆ ಆರು ತಿಂಗಳೂ ಗೇಟಿನೊಳಗೇ ಇದ್ದರು.

ನಿಮಗೆ ಹೀಗಾಗಬಾರದು ಅಂದರೆ ಒಂದು ಸುಲಭದ ಉಪಾಯ. ಎರಡೂವರೆ ಅಡಿ, ಅಂದರೆ 30 ಇಂಚಿನ ಒಂದು ಕೋಲು ತೆಗೆದುಕೊಳ್ಳಿ. ಹಳೆಯ ಪೊರಕೆಯ ಹಿಡಿಯಾದರೂ ಸರಿ. ಅದನ್ನು ಅಡ್ಡಡ್ಡವಾಗಿ ಹಿಡಿದುಕೊಂಡು ನಡುಮನೆಯಿಂದ ಹೊರಟು, ನೀವು ದಿನಾ ಹೋಗಬೇಕಾದ ಜಾಗದವರೆಗೆ ಹೋಗಿ ಬನ್ನಿ. ಹೊಸ್ತಿಲು, ಗೇಟು, ಬೈಕ್ ನಿಲ್ಲಿಸಿರುವ ಸಂದು, ಚರಂಡಿ ಮೇಲಿನ ಚಪ್ಪಡಿ, ಅಂಗಡಿಯ ಮುಂದಿನ ಮೆಟ್ಟಿಲು, ಅಪಾರ್ಟ್‌ಮೆಂಟ್ ಆದರೆ ಲಿಫ್ಟಿನ ಬಾಗಿಲು. ಕೋಲು ಎಲ್ಲಿ ತಗುಲುತ್ತದೋ ಅಲ್ಲಿ ಅಕ್ಕಪಕ್ಕ ಸೀಟಿನ ಗಾಡಿಯೂ ತಗುಲುತ್ತದೆ. ಯಾರಾದರೂ ನಕ್ಕರೆ ನಗಲಿ ಬಿಡಿ, ಸಾವಿರಾರು ರೂಪಾಯಿ ಉಳಿಯುತ್ತದಲ್ಲಾ!

ದಾರಿಯಲ್ಲಿ ಎಷ್ಟು ಮೆಟ್ಟಿಲು ಎಂದೂ ಎಣಿಸಿಕೊಳ್ಳಿ. ಮೂರು ಮೆಟ್ಟಿಲಿಗಿಂತ ಹೆಚ್ಚಿದ್ದರೆ ಆ ದಾರಿಗೆ ಯಾವ ಜೋಡಿ ಗಾಡಿಯೂ ಒಬ್ಬರ ಕೈಯಲ್ಲಿ ಆಗುವ ಮಾತಲ್ಲ.

ಯಾವುದು ಯಾರಿಗೆ?

ಅಕ್ಕಪಕ್ಕ ಸೀಟು: ಅವಳಿ ಮಕ್ಕಳಿದ್ದರೆ ಇದೇ ಒಳ್ಳೆಯದು. ಇಬ್ಬರ ತೂಕವೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಗಾಡಿ ನೇರವಾಗಿ ಹೋಗುತ್ತದೆ. ಇಬ್ಬರಿಗೂ ಎದುರಿನ ನೋಟ ಕಾಣುತ್ತದೆ, ಜಗಳ ಕಡಿಮೆ. ಅಗಲ ಸಾಮಾನ್ಯವಾಗಿ 75ರಿಂದ 80 ಸೆಂಟಿಮೀಟರ್. ಒಂದು ಮಗು 13 ಕೆಜಿ, ಇನ್ನೊಂದು 6 ಕೆಜಿ ಇದ್ದರೆ ಭಾರದ ಕಡೆಗೆ ಎಳೆಯುತ್ತಿರುತ್ತದೆ, ನಿಮ್ಮ ಒಂದು ಭುಜ ನೋಯುತ್ತದೆ.

ಹಿಂದೆ-ಮುಂದೆ ಸೀಟು: ಅಗಲ ಒಂಟಿ ಗಾಡಿಯಷ್ಟೇ ಇರುವುದರಿಂದ ಸಣ್ಣ ಗೇಟು, ಇಕ್ಕಟ್ಟಾದ ಅಂಗಡಿಗೆ ಅನುಕೂಲ. ಆದರೆ ಉದ್ದ ಜಾಸ್ತಿ, ತೂಕವೂ ಜಾಸ್ತಿ. ಬಹಳಷ್ಟು ಗಾಡಿಗಳು 12ರಿಂದ 15 ಕೆಜಿ ತೂಗುತ್ತವೆ. ಎಷ್ಟು ಅಂತ ಅಂದಾಜಾಗಬೇಕಾ? ಅಡುಗೆಮನೆಯ ಖಾಲಿ ಸಿಲಿಂಡರ್ ಸುಮಾರು 15 ಕೆಜಿ. ಮಕ್ಕಳೂ ಕೂತರೆ ತುಂಬಿದ ಸಿಲಿಂಡರ್ ತಳ್ಳಿದಂತೆ! ಹಳ್ಳ ಬಂದಾಗ ಮುಂದಿನ ಚಕ್ರ ಎತ್ತುವುದು ಕಷ್ಟ. ಹಿಂದಿನ ಸೀಟಿನ ಮಗುವಿಗೆ ಕಾಲು ಚಾಚಲು ಜಾಗ ಕಡಿಮೆ.

ಒಂಟಿ ಗಾಡಿ ಜೊತೆಗೆ ನಿಲ್ಲುವ ಹಲಗೆ: ದೊಡ್ಡ ಮಗುವಿಗೆ ಎರಡು ವರ್ಷ ದಾಟಿ, ಹಿಡಿದುಕೊಂಡು ನಿಲ್ಲುವಷ್ಟು ಬುದ್ಧಿ ಬಂದಿದ್ದರೆ ಇದನ್ನು ಯೋಚಿಸಿ. ಹಿಂದೆ ಚಕ್ರವಿರುವ ಚಿಕ್ಕ ಹಲಗೆ ಜೋಡಿಸುತ್ತಾರೆ. ದೊಡ್ಡದು ಸ್ವಲ್ಪ ನಡೆಯುತ್ತದೆ, ಸುಸ್ತಾದಾಗ ಹತ್ತಿ ನಿಲ್ಲುತ್ತದೆ. ಹಲಗೆ ನಿಮ್ಮ ಗಾಡಿಗೆ ಹೊಂದುತ್ತದೆಯೇ, ಎಷ್ಟು ಕೆಜಿ ತಡೆಯುತ್ತದೆ ಎಂದು ಮೊದಲೇ ಕೇಳಿ.

ಒಂಟಿ ಗಾಡಿ ಜೊತೆಗೆ ಬೇಬಿ ಕ್ಯಾರಿಯರ್: ಪಾಪು ನಿಮ್ಮ ಎದೆಯ ಮೇಲೆ, ದೊಡ್ಡದು ಗಾಡಿಯಲ್ಲಿ. ಮೊದಲ ಆರೇಳು ತಿಂಗಳಿಗೆ ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ ಇದು. ಪಾಪುವಿನ ಮುಖ ಸದಾ ಕಾಣುತ್ತಿರಬೇಕು, ಗಲ್ಲ ಎದೆಗೆ ಒತ್ತಿಕೊಂಡಿರಬಾರದು. ಸಿಸೇರಿಯನ್ ಆದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಮಕ್ಕಳ ನಡುವೆ ಮೂರು ವರ್ಷದ ಅಂತರವಿದ್ದರೆ? ಜೋಡಿ ಗಾಡಿಯ ಗೊಡವೆಯೇ ಬೇಡ. ನೀವು ಕೊಳ್ಳುವಷ್ಟರಲ್ಲಿ ದೊಡ್ಡದು ಓಡುತ್ತಿರುತ್ತದೆ.

ಕೊಳ್ಳುವಾಗ ಕೈಯಿಟ್ಟು ನೋಡಿ

* ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ಪೂರ್ತಿ ಮಲಗಿಸುವಂಥ ಸೀಟು ಬೇಕೇ ಬೇಕು. ಒರಗಿ ಕೂರಿಸಿದರೆ ಕತ್ತು ನಿಲ್ಲದ ಕೂಸಿನ ತಲೆ ಮುಂದಕ್ಕೆ ವಾಲಿ ಉಸಿರಾಟಕ್ಕೆ ತೊಂದರೆಯಾಗಬಹುದು. ಎರಡು ಸೀಟೂ ಬೇರೆ ಬೇರೆಯಾಗಿ ಒರಗುತ್ತವೆಯೇ ನೋಡಿ. ಒಬ್ಬರು ಮಲಗಿದಾಗ ಇನ್ನೊಬ್ಬರು ಕೂರಬೇಕಲ್ಲ!

* ಬೆಲ್ಟು ಐದು ಕಡೆ ಹಿಡಿಯುವಂತಿರಲಿ: ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಒಂದು. ಬರೀ ಸೊಂಟದ ಬೆಲ್ಟು ಸಾಲದು.

* ಬ್ರೇಕ್ ಒಂದೇ ತುಳಿತಕ್ಕೆ ಎರಡೂ ಚಕ್ರ ಹಿಡಿಯಬೇಕು. ಇಳಿಜಾರಿನಲ್ಲಿ ನಿಲ್ಲಿಸಿ ಪರೀಕ್ಷಿಸಿ.

* ಚಕ್ರ ದೊಡ್ಡದಿರಲಿ. ಸಣ್ಣ ಪ್ಲಾಸ್ಟಿಕ್ ಚಕ್ರ ಮಾಲ್‌ನ ನುಣುಪು ನೆಲಕ್ಕೆ ಸರಿ, ನಮ್ಮ ಚಪ್ಪಡಿ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಳಿ ತುಂಬುವ ಟೈರು ಮೆತ್ತಗೆ ಹೋಗುತ್ತದೆ, ಆದರೆ ನಮ್ಮ ಕಡೆ ಜಾಲಿಮುಳ್ಳಿಗೆ ಬರವೇ? ಗಾಳಿ ಬೇಡದ ಗಟ್ಟಿ ಫೋಮ್ ಚಕ್ರವೇ ಮೇಲು.

* ಒಂದು ಕೈಯಲ್ಲಿ ಮಗು ಎತ್ತಿಕೊಂಡಂತೆ ಮಾಡಿ, ಇನ್ನೊಂದು ಕೈಯಲ್ಲಿ ಗಾಡಿ ಮಡಚಿ ನೋಡಿ. ಆಗದಿದ್ದರೆ ಆಟೋದವರು ಕಾಯುತ್ತಾ ನಿಂತಾಗಲೂ ಆಗುವುದಿಲ್ಲ.

* ವಿದೇಶಿ ಗಾಡಿಯಾದರೆ ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಗುಣಮಟ್ಟದ ಗುರುತು ಇದೆಯೇ ನೋಡಿ.

ಬೆರಳು ಜೋಕೆ!

ಇವತ್ತಿನ ಹಗುರ ಗಾಡಿಗಳ ಮೂಲಪುರುಷ ಬ್ರಿಟನ್ನಿನ ಓವನ್ ಮೆಕ್ಲಾರೆನ್. ವಿಮಾನದ ಎಂಜಿನಿಯರ್ ಆಗಿದ್ದ ಈತ ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಭಾಗದ ವಿನ್ಯಾಸದಲ್ಲಿ ಕೆಲಸ ಮಾಡಿದ್ದವರು. ಮೊಮ್ಮಗುವಿನ ದೊಡ್ಡ ಗಾಡಿ ತಳ್ಳಲು ಮಗಳು ಒದ್ದಾಡುವುದನ್ನು ನೋಡಿ, ಅಲ್ಯೂಮಿನಿಯಂ ಕೊಳವೆಯಿಂದ ಕೊಡೆಯಂತೆ ಮಡಚುವ ಗಾಡಿ ರೂಪಿಸಿ 1965ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ತೂಕ ಮೂರು ಕೆಜಿಯೊಳಗೆ! ಅವರ ಹೆಸರಿನದೇ ಕಂಪನಿ 2009ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ಕೀಲುಗಳಿಗೆ ಮುಚ್ಚಳ ಹಂಚಬೇಕಾಯಿತು. ಬಿಡಿಸಿ ಮಡಚುವಾಗ ಕೀಲಿನಲ್ಲಿ ಸಿಕ್ಕಿ 12 ಮಕ್ಕಳ ಬೆರಳ ತುದಿ ತುಂಡಾಗಿತ್ತು.

ಇದರಲ್ಲಿ ನಮಗೊಂದು ಪಾಠವಿದೆ. ಗಾಡಿ ಬಿಡಿಸುವಾಗ, ಮಡಚುವಾಗ ಇಬ್ಬರು ಮಕ್ಕಳೂ ದೂರವಿರಲಿ. ಒಬ್ಬಳನ್ನು ಇಳಿಸಿ ನೀವು ಮಡಚಲು ಹೊರಟಾಗ ಅವಳು "ನಾನೂ" ಅಂತ ಕೈ ಹಾಕುವುದು ಅದೇ ಕೀಲಿಗೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಎರಡು ವರ್ಷ ಬಳಸುವ ವಸ್ತು. ಆದರೆ ಕೀಲು, ಬ್ರೇಕ್, ಬೆಲ್ಟಿನ ಬಕಲ್, ಬಿಡಿಸಿದ ಮೇಲೆ ಬೀಳುವ ಲಾಕ್, ಈ ನಾಲ್ಕನ್ನೂ ನೋಡದೆ ದುಡ್ಡು ಕೊಡಬೇಡಿ.

ಬೀದಿಗೆ ಇಳಿದ ಮೇಲೆ

ರಸ್ತೆ ದಾಟುವಾಗಿನ ಒಂದು ಅಪಾಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಎತ್ತಿಕೊಂಡಾಗ ಮಗು ನಿಮ್ಮ ಜೊತೆಗಿರುತ್ತದೆ. ಗಾಡಿಯಲ್ಲಿ ಅದು ನಿಮಗಿಂತ ಮೂರ್ನಾಲ್ಕು ಅಡಿ ಮುಂದಿರುತ್ತದೆ. ಹುಳಿಯಾರು ರಸ್ತೆಯಲ್ಲಿ ನಿಂತ ಲಾರಿಯ ಮರೆಯಿಂದ ನೀವು ಇಣುಕಿ ನೋಡುವಷ್ಟರಲ್ಲಿ ಮಕ್ಕಳು ರಸ್ತೆಯೊಳಗೆ ಇರುತ್ತಾರೆ! ಆದ್ದರಿಂದ ಗಾಡಿಯನ್ನು ರಸ್ತೆಗೆ ಸಮಾನಾಂತರವಾಗಿ, ನಿಮ್ಮ ಪಕ್ಕಕ್ಕೆ ನಿಲ್ಲಿಸಿಕೊಂಡು, ಎರಡೂ ಕಡೆ ನೋಡಿ, ಆಮೇಲೆ ತಿರುಗಿಸಿ ದಾಟಿ.

ಹ್ಯಾಂಡಲ್‌ಗೆ ತರಕಾರಿ ಚೀಲ ತೂಗುಹಾಕಬೇಡಿ. ಮಗುವನ್ನು ಎತ್ತಿಕೊಂಡ ಕೂಡಲೇ ಗಾಡಿ ಹಿಂದಕ್ಕೆ ಮಗುಚುತ್ತದೆ, ಇನ್ನೊಂದು ಮಗು ಅದರಲ್ಲೇ ಇರುತ್ತದೆ. ಚೀಲ ಸೀಟಿನ ಕೆಳಗಿನ ಬುಟ್ಟಿಗೆ ಹಾಕಿ. ಹಿಂದೆ-ಮುಂದೆ ಸೀಟಿನ ಗಾಡಿಯಲ್ಲಿ ಯಾರನ್ನು ಮೊದಲು ಇಳಿಸಬೇಕೆಂದು ಅದರ ಪುಸ್ತಕದಲ್ಲಿರುತ್ತದೆ, ಓದಿಕೊಳ್ಳಿ.

ನಮ್ಮೂರ ಬಿಸಿಲು ಗೊತ್ತೇ ಇದೆಯಲ್ಲ. ಪಾಪುವಿಗೆ ಬಿಸಿಲು ಬೀಳದಿರಲಿ ಎಂದು ಗಾಡಿಯ ಮೇಲೆ ವೇಲು ಹೊದಿಸುವವರೇ ಹೆಚ್ಚು. ಹಾಗೆ ಮಾಡಬೇಡಿ. ಒಣಬಟ್ಟೆ ಮುಚ್ಚಿದರೆ ಗಾಳಿ ಆಡದೆ ಒಳಗೆ ಕಾವು ಏರುತ್ತದೆ ಎಂದು ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೇಳಿದೆ. ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ಐದರ ನಂತರ ಹೊರಡಿ, ನೆರಳಿನ ಬದಿ ಹಿಡಿಯಿರಿ.

ಎಲ್ಲಾ ಕಡೆಗೂ ಗಾಡಿ ಬೇಡ. ತೇರುಮಲ್ಲೇಶ್ವರ ಸ್ವಾಮಿಯ ದರ್ಶನಕ್ಕೆ ಸಾಮಾನ್ಯ ದಿನದ ಸಂಜೆ ಹೋಗಿ, ತೇರಿನ ಜನಜಂಗುಳಿಗೆ ತರಬೇಡಿ. ಚಿತ್ರದುರ್ಗದ ಕೋಟೆ ಕಲ್ಲು, ಮೆಟ್ಟಿಲುಗಳ ಊರು, ಅಲ್ಲಿ ಗಾಡಿ ನಿಮಗೇ ಹೊರೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ನೋಡಲು ಜನಸಾಗರವೇ ಹರಿದಿತ್ತಲ್ಲ, ಅಂಥ ಕಡೆ ಮಕ್ಕಳು ತೋಳಿನಲ್ಲಿದ್ದರೇ ಕ್ಷೇಮ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತವರಿಗೆ ಬಸ್ಸಿನಲ್ಲಿ ಹೋಗುವುದು ಸಲೀಸಾಗಿದೆ ನಿಜ, ಆದರೆ ರಶ್ಶಿನ ಬಸ್ಸಿಗೆ ಜೋಡಿ ಗಾಡಿ ಹತ್ತಿಸುವ ಸಾಹಸ ಒಬ್ಬರೇ ಮಾಡಬೇಡಿ.

ಹಾಗಾದರೆ ಗಾಡಿ ಯಾವುದಕ್ಕೆ? ಸೊಪ್ಪಿನ ಅಂಗಡಿಗೆ, ಅಂಗನವಾಡಿಗೆ, ಪಾಪುವಿನ ಲಸಿಕೆಗೆ. ಲಸಿಕೆ ಆರನೇ, ಹತ್ತನೇ, ಹದಿನಾಲ್ಕನೇ ವಾರಕ್ಕೆ ಬಂದೇ ಬರುತ್ತದೆ, ಆಗ ದೊಡ್ಡದನ್ನು ಎಲ್ಲಿ ಬಿಡುವುದು? ತಾಯಿ ಕಾರ್ಡ್ ಬುಟ್ಟಿಗೆ ಹಾಕಿ, ಇಬ್ಬರನ್ನೂ ಕೂರಿಸಿಕೊಂಡು ಹೊರಡಿ.

ದೊಡ್ಡದೂ ಇನ್ನೂ ಮಗುವೇ

ಕೊನೆಯದಾಗಿ ಒಂದು ಮಾತು. ಪಾಪು ಬಂದ ದಿನದಿಂದ ಎರಡು ವರ್ಷದ ಆ ಮಗು ಎಲ್ಲರ ಬಾಯಲ್ಲೂ ಕೇಳುವುದು ಒಂದೇ, "ನೀನು ದೊಡ್ಡೋನು, ನಡ್ಕೊಂಡ್ ಬಾ." ತೊಟ್ಟಿಲು ಹೋಯಿತು, ಮಡಿಲು ಹೋಯಿತು, ಈಗ ಗಾಡಿಯೂ ತಮ್ಮನಿಗೇ! ಆ ಪುಟ್ಟ ಮನಸ್ಸಿಗೂ ಒಂದು ಜಾಗ ಬೇಕಲ್ಲವೇ? ಸೀಟಾಗಲಿ, ಹಲಗೆಯಾಗಲಿ, "ಇದು ನಿಂದು" ಅನ್ನಿ. ಹೊಸ ಗಾಡಿ ಬಂದ ದಿನ ಮೊದಲು ಕೂರುವವನು ಅವನೇ ಆಗಲಿ.

ಬಟ್ಟೆ ಒಣಹಾಕಿದ್ದ ಆ ಗೃಹಿಣಿಯ ಕಥೆ ಏನಾಯಿತು ಅಂತೀರಾ? ಆ ಗಾಡಿಯನ್ನು ಅವಳಿ ಮಕ್ಕಳಿದ್ದ ಪರಿಚಯದವರೊಬ್ಬರಿಗೆ ಅರ್ಧ ಬೆಲೆಗೆ ಕೊಟ್ಟರು. ಈ ಸಲ ಟೇಪು ಹಿಡಿದು ಅಳೆದು, ಮಲಗಿಸುವ ಸೀಟಿನ ಒಂಟಿ ಗಾಡಿಗೆ ಹಲಗೆ ಜೋಡಿಸಿಕೊಂಡರು. ಈಗ ಸಂಜೆ ಐದೂವರೆಗೆ ಪಾಪು ಗಾಡಿಯಲ್ಲಿ, ದೊಡ್ಡವನು ಹಲಗೆಯ ಮೇಲೆ ಕಂಡಕ್ಟರ್‌ನಂತೆ ನಿಂತು "ರೈಟ್ ರೈಟ್" ಅನ್ನುತ್ತಾನೆ. ಅವರ ಮನೆಯ ಒಗ್ಗರಣೆಗೆ ಈಗ ಹಸಿಮೆಣಸಿನಕಾಯಿ ತಪ್ಪುವುದಿಲ್ಲ.

ನಿಮ್ಮ ಕೋಲು ಎಲ್ಲಿದೆ? ಹುಡುಕಿ, ಒಮ್ಮೆ ಗೇಟಿನವರೆಗೆ ಹೋಗಿ ಬನ್ನಿ.