ಯಾರದೋ ಊಟ, ಯಾರಿಗೋ ಪಾಯಿಂಟು

ಕಳೆದ ವರ್ಷ ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಮಧ್ಯಾಹ್ನದ ಊಟ ನೆನಪಾಗುತ್ತಿದೆ. ಖಾಸಗಿ ಸಂಸ್ಥೆಯೊಂದು ತನ್ನ ಯೋಜನಾ ವರದಿಯ ಬಗ್ಗೆ ಸಲಹೆ ಕೇಳಲು ನಿವೃತ್ತರಾದ ನಮ್ಮಂಥ ಮೂವರನ್ನು ಆಹ್ವಾನಿಸಿತ್ತು. ಊಟ ಮುಗಿದು ಬಿಲ್ಲು ಬಂದೊಡನೆ ಆ ಸಂಸ್ಥೆಯ ಇಬ್ಬರು ಅಧಿಕಾರಿಗಳ ಕೈಗಳು ಏಕಕಾಲಕ್ಕೆ ಅದರತ್ತ ಚಾಚಿದವು. ‘ನಾನು ಕೊಡುತ್ತೇನೆ’, ‘ಇಲ್ಲ, ನಾನೇ ಕೊಡುತ್ತೇನೆ’ ಎಂಬ ಪುಟ್ಟ ಜಗ್ಗಾಟ. ನಮ್ಮವರಲ್ಲಿ ಆತಿಥ್ಯಬುದ್ಧಿ ಇನ್ನೂ ಉಳಿದಿದೆಯಲ್ಲ ಎಂದು ಸಂತೋಷಪಟ್ಟು, ಗೆದ್ದವರಿಗೆ ಧನ್ಯವಾದ ಹೇಳಿದೆ. ಲಿಫ್ಟಿನಲ್ಲಿ ಜೊತೆಗಿದ್ದ ಕಿರಿಯ ನೌಕರ ನಗುತ್ತಾ ಹೇಳಿದ: ‘ಸಾರ್, ದುಡ್ಡು ಆಫೀಸಿನದು. ಜಗಳ ಪಾಯಿಂಟಿಗೆ.’

ಪಾಯಿಂಟೆಂದರೆ ಖರ್ಚಿಗೆ ಪ್ರತಿಯಾಗಿ ಕ್ರೆಡಿಟ್ ಕಾರ್ಡಿನ ಬ್ಯಾಂಕು ಕೊಡುವ ಬಹುಮಾನದ ಅಂಕ. ಅದನ್ನು ವಿಮಾನದ ಟಿಕೆಟಿಗೋ ಗೃಹೋಪಯೋಗಿ ವಸ್ತುವಿಗೋ ಬದಲಾಯಿಸಿಕೊಳ್ಳಬಹುದು. ಬ್ಯಾಂಕೇನೂ ಇದನ್ನು ಧರ್ಮಕ್ಕೆ ಕೊಡುವುದಿಲ್ಲ. ಕಾರ್ಡಿನಲ್ಲಿ ಹಣ ಪಡೆಯುವ ಹೋಟೆಲು ಬಿಲ್ಲಿನ ಸಣ್ಣ ಪಾಲನ್ನು ಶುಲ್ಕವಾಗಿ ಬಿಟ್ಟುಕೊಡುತ್ತದೆ. ಅಂಕಗಳ ಮೂಲ ಬಹುಮಟ್ಟಿಗೆ ಅಲ್ಲಿದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಯುಪಿಐ ಮೂಲಕ ಕೊಟ್ಟರೆ 2020ರ ಜನವರಿಯಿಂದೀಚೆಗೆ ವ್ಯಾಪಾರಿಗೆ ಅಂಥ ಶುಲ್ಕವಿಲ್ಲ.

ಅರ್ಥಶಾಸ್ತ್ರದ ತರಗತಿಯಲ್ಲಿ ನಮಗೆ ಒಡೆಯ ಮತ್ತು ಕಾರ್ಯಕರ್ತರ ಸಮಸ್ಯೆಯೆಂದು ಒಂದು ಪಾಠವಿತ್ತು. ಹಣ ಒಬ್ಬನದು, ಖರ್ಚು ಮಾಡುವ ಕೈ ಇನ್ನೊಬ್ಬನದು; ಖರ್ಚು ಹೆಚ್ಚಿದಷ್ಟೂ ಆ ಕೈಗೆ ಲಾಭವೆಂದಾದರೆ ಮಿತವ್ಯಯವನ್ನು ನಿರೀಕ್ಷಿಸುವುದು ಹೇಗೆ? ವಿಮಾನಯಾನ ಸಂಸ್ಥೆಗಳ ಮೈಲಿ ಬಹುಮಾನದಲ್ಲಿ ಜಗತ್ತು ಈ ಪ್ರಶ್ನೆಯನ್ನು ಮೊದಲೇ ಎದುರಿಸಿದೆ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲಿ ಇಂಥ ಯೋಜನೆ ಆರಂಭಿಸಿದ ಮೇಲೆ ಅದು ಎಲ್ಲೆಡೆ ಹರಡಿತು. ಜರ್ಮನಿಯಲ್ಲಿ ಗ್ರೆಗೋರ್ ಗೀಸಿ, ಸಂಸದರಾಗಿದ್ದಾಗ ಸರ್ಕಾರಿ ಪ್ರಯಾಣದಿಂದ ಬಂದ ಮೈಲಿಗಳನ್ನು ಸ್ವಂತಕ್ಕೆ ಬಳಸಿದ್ದು ಬಯಲಾಗಿ, 2002ರಲ್ಲಿ ಬರ್ಲಿನ್ ರಾಜ್ಯದ ಸಚಿವ ಪದವಿಯನ್ನೇ ತೊರೆದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2001ರ ಕೊನೆಯಲ್ಲಿ, ಅಮೆರಿಕದ ಸಂಸತ್ತು ಇದಕ್ಕೆ ತದ್ವಿರುದ್ಧವಾಗಿ ಫೆಡರಲ್ ನೌಕರರು ಇಂಥ ಮೈಲಿಗಳನ್ನು ತಾವೇ ಇಟ್ಟುಕೊಳ್ಳಬಹುದೆಂದು ಕಾನೂನು ಮಾಡಿತ್ತು. ನಮ್ಮ ಕೇಂದ್ರ ಹಣಕಾಸು ಸಚಿವಾಲಯದ್ದು ಜರ್ಮನಿಯ ದಾರಿ: ಸರ್ಕಾರಿ ಪ್ರಯಾಣದ ಮೈಲಿಗಳು ಇಲಾಖೆಗೇ ಸೇರಬೇಕು, ಖಾಸಗಿಯಾಗಿ ಬಳಸಿದರೆ ಶಿಸ್ತುಕ್ರಮ ಎಂದು 2017ರ ಜುಲೈನ ಆದೇಶ ಹೇಳುತ್ತದೆ. ಊಟದ ಬಿಲ್ಲಿಗೆ ಇಷ್ಟು ಸ್ಪಷ್ಟವಾದ ನಿಯಮವನ್ನು ನಾನು ಕಂಡಿಲ್ಲ.

ನಾನು ಸೇವೆಗೆ ಸೇರಿದ ಎಂಬತ್ತರ ದಶಕದಲ್ಲಿ ತಾಲ್ಲೂಕು ಪ್ರವಾಸವೆಂದರೆ ಪ್ರವಾಸಿ ಮಂದಿರದ ಊಟ. ಹೊರಡುವಾಗ ಬಿಲ್ಲು ಕೇಳಿದರೆ ಅಡುಗೆಯವನು ‘ಆಯ್ತು ಸ್ವಾಮಿ, ಕೊಟ್ಟಾಗಿದೆ’ ಎನ್ನುತ್ತಿದ್ದ. ಕೊಟ್ಟವರು ಸ್ಥಳೀಯ ಅಧಿಕಾರಿ. ಅವರಿಗೆ ಆ ಹಣ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ದಿನಭತ್ಯೆಯನ್ನು ಮಾತ್ರ ನಾವು ಪೂರ್ತಿ ಪಡೆಯುತ್ತಿದ್ದೆವು. ಊಟಕ್ಕೆ ಮೊದಲೇ ಅಡುಗೆಯವನ ಕೈಗೆ ಹಣವಿಡಬೇಕೆಂದು ನನಗೆ ಬುದ್ಧಿ ಬರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷಗಳ ಅನ್ನದ ಹಂಗು ಇನ್ನೂ ಲೆಕ್ಕದಲ್ಲಿದೆ. ಆದಕಾರಣ ಆ ಅಧಿಕಾರಿಗಳನ್ನು ಹಳಿಯುವಾಗ ನನ್ನ ದನಿ ತುಸು ತಗ್ಗುತ್ತದೆ.

ಇದನ್ನೆಲ್ಲ ತಂಗಿಯ ಮಗಳ ಮುಂದೆ ಹೇಳಿದೆ. ಅವಳು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ‘ಮಾವ, ನೀವು ಮೇಲಿನವರ ಬಿಲ್ಲು ನೋಡಿದ್ದೀರಿ, ನನ್ನದು ನೋಡಿಲ್ಲ’ ಎಂದಳು. ಹೊರಗಿನಿಂದ ಬಂದ ಗ್ರಾಹಕರ ಊಟಕ್ಕೆ ಮೇಲಧಿಕಾರಿ ಇವಳ ಕಾರ್ಡು ಕೊಡಿಸಿದ್ದರು. ಮೊತ್ತ 18,000 ರೂಪಾಯಿ. ಕಾರ್ಡಿನ ಬಾಕಿ ತೀರಿಸಲು ಉಳಿದಿದ್ದದ್ದು ಮೂರು ವಾರ. ಕಂಪನಿಯ ಹಣ ಬಂದದ್ದು ಎರಡು ತಿಂಗಳಿಗೆ. ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5ರಂತೆ ಹಿಡಿದರೂ ಒಂದು ತಿಂಗಳಿಗೆ 630 ರೂಪಾಯಿ. ಅವಳಿಗೆ ಬಂದ ಪಾಯಿಂಟುಗಳ ಬೆಲೆ ಸುಮಾರು 180 ರೂಪಾಯಿ. ಬಡ್ಡಿಗೆ ಹೆದರಿ ಮನೆ ಬಾಡಿಗೆಯ ಹಣದಿಂದ ಬಾಕಿ ಕಟ್ಟಿ, ಬಾಡಿಗೆಗೆ ಅಮ್ಮನ ಬಳಿ ಕೈಚಾಚಿದಳಂತೆ.

ನನ್ನ ಅಭಿಪ್ರಾಯ ಅಲ್ಲಿಗೆ ಅರ್ಧ ಬದಲಾಯಿತು. ಸ್ವಂತ ಸಾಲದ ಹೊಣೆ ಹೊತ್ತು ತಿಂಗಳುಗಟ್ಟಲೆ ಕಾಯುವವರ ಪಾಯಿಂಟನ್ನು ಪ್ರಶ್ನಿಸುವ ಹಕ್ಕು ಯಾವ ಸಂಸ್ಥೆಗೂ ಇಲ್ಲ. ಆದರೆ ವಾರದೊಳಗೆ ಹಣ ವಾಪಸು ಪಡೆಯುವ ಹಿರಿಯರು, ಸಹೋದ್ಯೋಗಿಗಳ ಪಾಲನ್ನು ಮೇಜಿನಲ್ಲೇ ಫೋನಿಗೆ ಹಾಕಿಸಿಕೊಂಡು ಪ್ರತಿ ಸಲವೂ ತಮ್ಮ ಕಾರ್ಡನ್ನೇ ಉಜ್ಜುವವರು ಬೇರೆ ಜಾತಿ. ಇವರು ಸರದಿಯನ್ನಾದರೂ ಬಿಟ್ಟುಕೊಡಬೇಕು. ಅತಿಥಿಗಳೆದುರು ಜಗ್ಗಾಡುವುದಂತೂ ಅಸಭ್ಯ. ಬಿಲ್ಲು ಯಾರದೆಂಬುದು ಹೋಟೆಲಿಗೆ ಹೊರಡುವ ಮೊದಲೇ ತೀರ್ಮಾನವಾಗಿರಬೇಕು.

ಅನೇಕ ಕಂಪನಿಗಳಲ್ಲಿ, ಮೇಜಿನಲ್ಲಿರುವ ಅತಿ ಹಿರಿಯರೇ ಬಿಲ್ಲು ಕೊಡಬೇಕೆಂಬ ನಿಯಮವಿದೆ. ಅದು ಪಾಯಿಂಟಿಗಾಗಿ ಹುಟ್ಟಿದ್ದಲ್ಲ. ಕಿರಿಯರು ಕೊಟ್ಟರೆ, ಉಂಡ ಹಿರಿಯರೇ ಆ ಬಿಲ್ಲಿಗೆ ಮಂಜೂರಾತಿಯ ಸಹಿ ಹಾಕಿದಂತಾಗುತ್ತದೆಂಬುದು ಅದರ ಹಿಂದಿನ ತರ್ಕ. ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಒಳ್ಳೆಯ ನಿಯಮ. ತಂಗಿಯ ಮಗಳಿಗೆ ಇದನ್ನು ವಿವರಿಸಿದೆ. ತಮ್ಮ ಕಂಪನಿಯಲ್ಲೂ ಅದೇ ನಿಯಮವಿದೆ ಎಂದಳು. ಆ ದಿನ ಮೇಲಧಿಕಾರಿ ಕಾರ್ಡು ಮನೆಯಲ್ಲಿ ಮರೆತು ಬಂದಿದ್ದರಂತೆ.